ಡೇರೆಯೊಳಗಣ ಮಳೆ

ಆಕಾಶದಲ್ಲಿ ಮೋಡದ ಚೂರೂ ಇಲ್ಲದಿರುವಾಗ ಮಳೆ ಸುರಿದರೆ ಅದನ್ನು ಉತ್ಪಾತಗಳಲ್ಲಿ ಒಂದೆಂದು ನಮ್ಮ ಪ್ರಾಚೀನ ಜ್ಯೋತಿಷಗ್ರಂಥಗಳು ಎಣಿಸಿವೆ. ಅಂತಹ ಉತ್ಪಾತವೊಂದು ಕಳೆದ ಸಂಕ್ರಾಂತಿಯ ರಜೆಯಲ್ಲಿ, ಸಿರುಗುಪ್ಪದ ಸಮೀಪದಲ್ಲಿ, ನಮ್ಮ ತಲೆಯ ಮೇಲೆಯೇ ಸಂಭವಿಸಿತು. ಹೊರಗೆ ನಕ್ಷತ್ರಗಳು ಸ್ಫುಟವಾಗಿ ಹೊಳೆಯುತ್ತಿದ್ದುವು. ಡೇರೆಯ ಒಳಗೆ ಮಾತ್ರ ಹನಿಹನಿಯಾಗಿ ಮಳೆ. ಈಚೆಗೆ ಪೇಟೆಯ ಸಂಸಾರಿಗಳು ಮಕ್ಕಳುಮರಿಗಳೊಡನೆ ಡೇರೆಯನ್ನು ಹೊತ್ತುಕೊಂಡು ಹೋಗಿ ಹೊಳೆಯ ದಂಡೆಯಲ್ಲಿಯೋ ಬೆಟ್ಟದ ತಪ್ಪಲಿನಲ್ಲಿಯೋ ರಾತ್ರಿ ಕಳೆಯುವ ವಾಡಿಕೆ ಹೆಚ್ಚುತ್ತಿರುವುದರಿಂದ, ನಮಗಾದ ಅನುಭವವನ್ನು ವಾಚಕರ ಮುಂದಿಡುವುದು ಅನುಚಿತವಾಗಲಾರದು. ಅದರಲ್ಲಿ ನಮ್ಮ ಅವಿವೇಕದ ಪಾಲೇ ಹೆಚ್ಚಾಗಿರುವುದನ್ನು ಮರೆಮಾಚುವುದಿಲ್ಲ.

ಡೇರೆಯನ್ನು ಬೆಂಗಳೂರಿನಿಂದ ತಂದವನು ನಮ್ಮ ಕಿರಿಯ ಮಗ. ನೈಲಾನಿನ ಬಟ್ಟೆ, ಬಳುಕುವ ಕಡ್ಡಿಗಳು, ಅಂಗೈಯಗಲದ ಜಾಲರಿಯ ಕಿಂಡಿಗಳು ಎರಡು; ಮಡಿಸಿದರೆ ಒಂದು ತಲೆದಿಂಬಿನಷ್ಟು ಗಾತ್ರ. ಡೇರೆಯೆಂದರೆ ಬಳ್ಳಾರಿಯವರಿಗೆ ಹೊಸದಲ್ಲ. 1800ರಲ್ಲಿ ಈ ಸೀಮೆ ಕಂಪನಿ ಸರಕಾರಕ್ಕೆ ಸೇರಿದಾಗ ಮುಖ್ಯ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ 1807ರವರೆಗಿನ ತನ್ನ ಅಧಿಕಾರದ ಬಹುಭಾಗವನ್ನು ಊರೂರು ತಿರುಗುತ್ತ ಡೇರೆಗಳಲ್ಲಿಯೇ ಕಳೆದವನು. ಆ ಕಾಲದ ದೊಡ್ಡ ಡೇರೆಗಳು ದಪ್ಪ ಹತ್ತಿಯ ಬಟ್ಟೆಯವು. ಒಂದರ ಮೇಲೊಂದು ಎರಡು ಛಾವಣಿಗಳನ್ನು ನಡುವೆ ಗಾಳಿಗೆ ಎಡೆಯಿರುವಂತೆ ಕಟ್ಟುತ್ತಿದ್ದರು. ಅದು ಬಿಸಿಲಿಗಾಗಿ ಮಾಡಿದ ಉಪಾಯವೆಂದೇ ನಾವು ತಿಳಿದಿದ್ದೆವು. ಅದಕ್ಕೆ ಇನ್ನೊಂದು ಪ್ರಯೋಜನವೂ ಉಂಟೆಂಬುದು ನಮಗೆ ಅರಿವಾದದ್ದು ಅರವತ್ತು ತುಂಬಿದ ಮೇಲೆ.

ಮೊದಲು ಪರೀಕ್ಷೆಗೆಂದು ಡೇರೆಯನ್ನು ಬಳ್ಳಾರಿಯ ನಮ್ಮ ಮನೆಯ ಮಾಳಿಗೆಯ ಮೇಲೆ ಹೂಡಿ ಒಂದು ರಾತ್ರಿ ಮಲಗಿದೆವು. ಬೆಳಗಿನಲ್ಲಿ ಬಟ್ಟೆ ಗರಿಗರಿಯಾಗಿಯೇ ಇತ್ತು. ಬಳ್ಳಾರಿ ಬಂಡೆಗಳ ಊರು. ಪುಷ್ಯ ಮಾಸದಲ್ಲಿ ಅಲ್ಲಿಯ ಗಾಳಿ ತುಟಿಯನ್ನು ಒಡೆಯಿಸುವಷ್ಟು ಒಣಗಿರುತ್ತದೆ. ಹಗಲೆಲ್ಲ ಕಾದ ಮಾಳಿಗೆ ರಾತ್ರಿಯೆಲ್ಲ ಶಾಖವನ್ನು ಬಿಡುತ್ತಿತ್ತು. ಮೇಲಾಗಿ ಪಕ್ಕದ ಮನೆಯ ಹುಡುಗರು ಹೊರಗೂ ಒಳಗೂ ಓಡಾಡಿ ಬಾಗಿಲನ್ನು ತೆರೆದೇ ಇಟ್ಟಿದ್ದರು. ಈ ಮೂರು ಕಾರಣಗಳನ್ನೂ ನಾವು ಆಗ ಗಮನಿಸಲಿಲ್ಲ. ಡೇರೆ ನಿರ್ದುಷ್ಟವಾದುದೆಂದು ತೀರ್ಪು ಕೊಟ್ಟು ಸಿರುಗುಪ್ಪಕ್ಕೆ ಹೊರಟೆವು.

ಸಿರುಗುಪ್ಪದ ನೆಲವೇ ಬೇರೆ. ವಿಜಯನಗರದ ಅರಸರ ಕಾಲದಿಂದಲೂ ಅಲ್ಲಿ ತುಂಗಭದ್ರೆಯ ಕಾಲುವೆಗಳುಂಟು. 1953ರಲ್ಲಿ ಹೊಸ ಅಣೆಕಟ್ಟಿನಿಂದ ನೀರು ಹರಿಯತೊಡಗಿದ ಮೇಲಂತೂ ಆ ಸೀಮೆ ಬತ್ತದ ಕಣಜವಾಯಿತು. ಆಗ ಆಂಧ್ರದ ಕಡೆಯಿಂದ ಬಂದು ನೆಲಸಿದ ರೈತರ ಊರುಗಳಿಗೆ ಇಂದಿಗೂ ‘ಕ್ಯಾಂಪು’ ಎಂದೇ ಹೆಸರು. ನಾವು ಕ್ಯಾಂಪಿಗೆ ಹೊರಟಿದ್ದೇವೆಂದು ಬಸ್ಸಿನಲ್ಲಿ ಹೇಳಿದಾಗ ಕಂಡಕ್ಟರು ಯಾವ ಕ್ಯಾಂಪೆಂದು ಕೇಳಿದ್ದು ನ್ಯಾಯವೇ ಸರಿ.

ನಮ್ಮ ಹಳೆಯ ಶಿಷ್ಯನೊಬ್ಬನು ಕಾಲುವೆಯ ಮಗ್ಗುಲಲ್ಲಿದ್ದ ತನ್ನ ಹೊಲದಲ್ಲಿ ಸ್ಥಳ ತೋರಿಸಿದನು. ದಿಬ್ಬದ ಮೇಲೆ ಬೇವಿನ ಮರದ ಬಳಿ ಹೂಡಿರೆಂದು ಅವನು ಹೇಳಿದರೂ ನಾವು ಕೇಳದೆ, ನೀರಿನ ನೋಟ ಚೆನ್ನಾಗಿರುವುದೆಂದು ತಗ್ಗಿನಲ್ಲಿ, ನೀರು ಕಟ್ಟಿದ ಕೆಸರುಗದ್ದೆಯ ಪಕ್ಕದಲ್ಲಿಯೇ ಹೂಡಿಸಿದೆವು. ಮಗನು, ಸೊಸೆ ಊರಿನಲ್ಲಿಯೇ ಉಳಿದಿದ್ದುದರಿಂದ ಅವನ ಏಳು ವರ್ಷದ ಮಗಳು, ನಮ್ಮ ಮನೆಯವರು, ನಾವು, ಹೀಗೆ ನಾಲ್ವರು. ಸಂಜೆ ಕಾಲುವೆಯಲ್ಲಿ ಕಾಲಾಡಿಸಿ ತೊಯ್ದ ಬಟ್ಟೆಗಳನ್ನು ಡೇರೆಯ ಒಳಗೇ ಹಗ್ಗ ಕಟ್ಟಿ ಹರವಿದೆವು. ಚಳಿಯೆಂದು ಒಳಗೇ ಪುಟ್ಟ ಗ್ಯಾಸಿನ ಒಲೆಯಲ್ಲಿ ಹಾಲು ಕಾಯಿಸಿದೆವು. ಮಲಗುವ ಹೊತ್ತಿಗೆ ಮಗನು ಕಿಂಡಿಗಳನ್ನು ತೆರೆದಿಡಬೇಕೆಂದನು. ಮಗುವಿಗೆ ಶೀತಗಾಳಿ ಬಡಿಯುವುದೆಂದು ನಾವು ಗದರಿಸಿ ಎರಡನ್ನೂ ಮುಚ್ಚಿಸಿ, ಬಾಗಿಲಿನ ಜಿಪ್ಪನ್ನು ಕೊನೆಯ ಹಲ್ಲಿನವರೆಗೆ ಎಳೆಯಿಸಿದೆವು. ಮೂವತ್ತು ವರ್ಷ ಪಾಠ ಹೇಳಿದವರ ಮಾತಿಗೆ ಎದುರು ಹೇಳುವವರಾರು?

ನಾಲ್ಕು ಗಂಟೆಯ ಸುಮಾರಿಗೆ ಮೊಮ್ಮಗಳು “ತಾತಾ, ಮಳೆ” ಎಂದು ಎಬ್ಬಿಸಿದಳು. ಹಣೆಯ ಮೇಲೆ ತಣ್ಣನೆಯ ಹನಿಯೊಂದು ಬಿದ್ದಿತು. ದೀಪ ಹಾಕಿ ನೋಡಿದರೆ ಛಾವಣಿಯ ಒಳಮೈಯೆಲ್ಲ ಮುತ್ತು ಪೋಣಿಸಿದಂತೆ ಹನಿಗಟ್ಟಿದೆ. ಯಾರಾದರೂ ಮಗ್ಗುಲಾಗಿ ಬಟ್ಟೆಗೆ ತಾಗಿದರೆ ಸಾಕು, ಜಲ್ಲೆಂದು ಒಂದು ಹಿಡಿ ನೀರು. ಹಾಸಿಗೆಯ ಅಂಚುಗಳು ತೊಯ್ದಿದ್ದುವು. ಓದಲೆಂದು ತಲೆಯ ಬದಿಯಲ್ಲಿಟ್ಟಿದ್ದ ಸಿದ್ಧಾಂತಕೌಮುದಿ, ವಿದ್ಯಾರ್ಥಿದೆಸೆಯಲ್ಲಿ ಎರಡು ತಿಂಗಳ ಊಟದ ಖರ್ಚನ್ನು ಉಳಿಸಿ ಕೊಂಡ ಪ್ರತಿ, ಗೋಡೆಗೆ ತಾಗಿ ಉಬ್ಬಿ ಎರಡರಷ್ಟಾಗಿತ್ತು. ತದ್ಧಿತಪ್ರಕರಣದಲ್ಲಿ ನಾವು ಆಗ ಬರೆದಿದ್ದ ಶಾಯಿಯ ಟಿಪ್ಪಣಿಗಳೆಲ್ಲ ಕಲಸಿಹೋದುವು. ಅವನ್ನು ಮತ್ತೆ ಬರೆಯಲಾರೆವು. ಅಂದು ಹೇಳಿಕೊಟ್ಟ ಗುರುಗಳೂ ಇಲ್ಲ.

ಬೆಳಗಾದ ಮೇಲೆ ವಿಚಾರಣೆ ನಡೆಯಿತು. ಹೊಲಿಗೆಗಳಲ್ಲಿ ಸೋರಿದೆಯೆಂದು ಮಗನ ಪಕ್ಷ. ಅವನು ಸಿರುಗುಪ್ಪದ ಪೇಟೆಗೆ ಹೋಗಿ ಹೊಲಿಗೆಗೆ ಬಳಿಯುವ ಮೇಣವೊಂದನ್ನು ತಂದೂ ತಂದನು. ಮೇಲಿನಿಂದ ಇಬ್ಬನಿ ಬಿದ್ದು ಬಟ್ಟೆಯಲ್ಲಿ ಇಳಿದಿದೆಯೆಂದು ನಮ್ಮ ಪಕ್ಷ. ತುಷಾರ, ಪ್ರಾಲೇಯ, ನೀಹಾರ ಮುಂತಾದ ಶಬ್ದಗಳನ್ನು ವಿವರಿಸತೊಡಗಿದೆವು. ಆಗ ನಮ್ಮ ಮನೆಯವರು, “ನಿಘಂಟು ಆಮೇಲಾಗಲಿ. ಬಿಸಿ ರೊಟ್ಟಿ ತುಂಬಿದ ಡಬ್ಬಿಯ ಮುಚ್ಚಳದ ಒಳಗೆ ನೀರು ನಿಲ್ಲುತ್ತದಲ್ಲ, ಅದು ಸೋರಿ ಬಂದದ್ದೋ, ಮೇಲಿಂದ ಬಿದ್ದದ್ದೋ? ರಾತ್ರಿ ನೀವು ನಾಲ್ಕು ರೊಟ್ಟಿ ಇಟ್ಟು ಮುಚ್ಚಳ ಬಿಗಿದಿರಿ” ಎಂದರು.

ಅಲ್ಲಿಗೆ ವಾದ ಮುಗಿಯಿತು. ಮೇಣದ ಡಬ್ಬಿಯನ್ನು ಇನ್ನೂ ತೆರೆದಿಲ್ಲ.

ವಿಷಯವು ಇಷ್ಟೆ. ಮಲಗಿದ ಮನುಷ್ಯನು ಉಸಿರಿನಿಂದಲೂ ಚರ್ಮದಿಂದಲೂ ಒಂದು ರಾತ್ರಿಯಲ್ಲಿ ಸುಮಾರು ಕಾಲು ಲೀಟರು ನೀರನ್ನು ಬಾಷ್ಪರೂಪದಲ್ಲಿ ಹೊರಗೆ ಬಿಡುತ್ತಾನೆ. ಬಾಷ್ಪವೆಂಬ ಸಂಸ್ಕೃತಶಬ್ದಕ್ಕೆ ಕಣ್ಣೀರೆಂದೂ ಉಗಿಯೆಂದೂ ಎರಡರ್ಥಗಳಿರುವುದು ಇಲ್ಲಿ ಚೆನ್ನಾಗಿ ಹೊಂದಿತು. ನಾಲ್ವರೆಂದರೆ ಒಂದು ಲೀಟರಿಗೆ ತುಸು ಕಡಮೆ. ಅಡುಗೆಯ ಗ್ಯಾಸು ಉರಿದಾಗಲೂ ನೀರು ಹುಟ್ಟುತ್ತದೆ; ಒಂದು ಕಿಲೋ ಗ್ಯಾಸು ಉರಿದರೆ ಒಂದೂವರೆ ಕಿಲೋವಿಗೂ ಹೆಚ್ಚು ನೀರು ಆವಿಯಾಗಿ ಹೊರಡುವುದೆಂಬುದನ್ನು ಅನೇಕರು ನಂಬಲಾರರು. ಹರವಿದ ಒದ್ದೆಬಟ್ಟೆಯ ಲೆಕ್ಕ ಬೇರೆ. ಇದೆಲ್ಲವನ್ನೂ ಗಾಳಿ ಹಿಡಿದಿಟ್ಟುಕೊಳ್ಳಬೇಕು. ಆದರೆ ಗಾಳಿ ತಣಿದಷ್ಟೂ ಅದರ ಹಿಡಿತ ಕುಗ್ಗುತ್ತದೆ. ಒಂದು ಘನ ಮೀಟರು ಗಾಳಿಯು 30 ಡಿಗ್ರಿಯ ಶಾಖದಲ್ಲಿ ಸುಮಾರು 30 ಗ್ರಾಂ ಆವಿಯನ್ನು ತಾಳಬಲ್ಲುದು. 15 ಡಿಗ್ರಿಯಲ್ಲಿ ಸುಮಾರು 13 ಗ್ರಾಂ ಮಾತ್ರ. ನಮ್ಮ ಡೇರೆಯೊಳಗೆ ನಾಲ್ಕೈದು ಘನ ಮೀಟರು ಗಾಳಿಯಿದ್ದೀತು. ಒಂದು ಚೊಂಬನ್ನೂ ತುಂಬದಷ್ಟು ಅದರ ಶಕ್ತಿ. ಅದಕ್ಕೆ ನಾವು ಕೊಡವನ್ನೇ ಬಗ್ಗಿಸಿದೆವು. ಮಿಕ್ಕದ್ದು ಎಲ್ಲಿ ಹೋಗಬೇಕು? ಅತಿ ತಣ್ಣಗಿರುವ ಸ್ಥಳವನ್ನು ಹುಡುಕಿ ಕುಳಿತುಕೊಳ್ಳುತ್ತದೆ. ಆ ಸ್ಥಳ ಛಾವಣಿಯ ಬಟ್ಟೆ.

ಬಟ್ಟೆಯೇ ಏಕೆ ತಣ್ಣಗಾಗಬೇಕೆಂದು ಕೇಳಬಹುದು. ಇಬ್ಬನಿ ಆಕಾಶದಿಂದ ಬೀಳುವುದೆಂದು ಲೋಕವೆಲ್ಲ ನಂಬಿದ್ದ ಕಾಲದಲ್ಲಿ ವಿಲಿಯಂ ಚಾರ್ಲ್ಸ್ ವೆಲ್ಸ್ ಎಂಬ ವೈದ್ಯನು ರಾತ್ರಿಗಳಲ್ಲಿ ತೋಟದಲ್ಲಿ ಉಣ್ಣೆಯ ಎಳೆಗಳನ್ನಿಟ್ಟು ತೂಗಿ ನೋಡಿ, 1814ರಲ್ಲಿ ಇಬ್ಬನಿಯನ್ನು ಕುರಿತ ಪ್ರಬಂಧವೊಂದನ್ನು ಪ್ರಕಟಿಸಿದನು. ನಿರ್ಮಲವಾದ ಆಕಾಶಕ್ಕೆ ಮೈಯೊಡ್ಡಿದ ವಸ್ತು ತನ್ನ ಶಾಖವನ್ನು ಮೇಲಕ್ಕೆ ಬಿಟ್ಟುಕೊಡುತ್ತ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುವುದೆಂದೂ, ಗಾಳಿಯ ಆವಿಯೇ ಅದರ ಮೇಲೆ ನೀರಾಗಿ ನಿಲ್ಲುವುದೆಂದೂ ಅವನು ತೋರಿಸಿಕೊಟ್ಟನು. ಮರದ ಕೆಳಗೆ ಇಬ್ಬನಿ ಕಡಮೆಯಾಗಿರುವುದು ಇದರಿಂದಲೇ. ಕೊಂಬೆಗಳು ಆಕಾಶವನ್ನು ಮರೆಮಾಡುತ್ತವೆ. ತೆಳುವಾದ ನೈಲಾನಿಗಾದರೋ ಶಾಖವನ್ನು ಹಿಡಿದಿಡುವ ಶಕ್ತಿಯೂ ಇಲ್ಲ, ಹತ್ತಿಯಂತೆ ನೀರನ್ನು ಹೀರುವ ಗುಣವೂ ಇಲ್ಲ. ತಂಪುಗಾಳಿ ಭಾರವಾದ್ದರಿಂದ ತಗ್ಗಿಗೆ ಇಳಿದು ನಿಲ್ಲುತ್ತದೆ. ಕೆಸರುಗದ್ದೆಯ ತೇವ ಅದಕ್ಕೆ ಸೇರುತ್ತದೆ. ನಮ್ಮ ಶಿಷ್ಯನು ಬೇವಿನ ಮರದ ದಿಬ್ಬವನ್ನೇ ತೋರಿಸಿದುದರ ಮರ್ಮ ಆಗ ತಿಳಿಯಿತು. ಅವನು ವೆಲ್ಸನನ್ನು ಓದಿದವನಲ್ಲ. ನಮ್ಮ ತರಗತಿಯಲ್ಲಿ ವ್ಯಾಕರಣದಲ್ಲಿ ಎರಡು ಸಾರಿ ತಪ್ಪಿದವನು.

ಎರಡನೆಯ ದಿನದ ಸಂಜೆ ಕುರುಗೋಡಿಗೆ ಬಂದೆವು. ಏಕಶಿಲೆಯ ದೊಡ್ಡ ಬಸವಣ್ಣನ ದರ್ಶನ ಮಾಡಿಕೊಂಡು, ಗುಡ್ಡದ ತಪ್ಪಲಿನಲ್ಲಿ ಅದೇ ಶಿಷ್ಯನ ಬಂಧುಗಳ ಹೊಲವನ್ನು ಸೇರಿದೆವು. ಆ ಕಡೆಯಲ್ಲೆಲ್ಲ ಮೆಣಸಿನಕಾಯಿ ಬಿಡಿಸುವ ಕಾಲ. ಕಣಗಳು ಕೆಂಪು ಜಮಖಾನೆ ಹಾಸಿದಂತಿದ್ದುವು. ಹೊಲದ ಅಂಚಿನಲ್ಲಿ ಕೂಲಿಗೆಂದು ಬೇರೆ ಊರುಗಳಿಂದ ಬಂದವರ ಗುಡಾರಗಳು ನಾಲ್ಕೈದು. ಗುಡಾರವೆಂದರೆ ಎರಡು ಗೂಟಗಳ ಮೇಲೆ ಒಂದು ಬಿದಿರು, ಅದರ ಮೇಲೆ ನೀಲಿಯ ಪ್ಲಾಸ್ಟಿಕ್ ತಾಡಪತ್ರಿ, ಸುತ್ತಲೂ ಅಂಚಿಗೆ ಮಣ್ಣು. ಬೇಲಿಯ ಮೇಲೆ ಕೌದಿಯೊಂದನ್ನು ಹರವಿದ್ದರು. ಸಂಜೆಯಾದರೂ ಅದು ಒಣಗಿರಲಿಲ್ಲ.

ಎಳೆಗೂಸನ್ನು ಎತ್ತಿಕೊಂಡಿದ್ದ ಹೆಣ್ಣುಮಗಳೊಬ್ಬಳು ನಮ್ಮ ಡೇರೆಯನ್ನು ನೋಡಲು ಬಂದಳು. ಕೂಸಿಗೆ ಕೆಮ್ಮು. “ತಾಡಪತ್ರಿ ತೂತು ಬಿದ್ದೈತ್ರಿ ಮೇಷ್ಟ್ರೇ, ರಾತ್ರಿಯೆಲ್ಲ ಸೋರ್ತೈತಿ. ಹೋದ ವಾರಾನೇ ಹೊಸದು ತಂದಿದ್ವಿ” ಎಂದಳು. ನಮ್ಮ ಮಗನು ಹೋಗಿ ಬೆಳಕು ಹಿಡಿದು ನೋಡಿದನು. ಸೂಜಿಯ ಮೊನೆಯಷ್ಟೂ ತೂತಿಲ್ಲ. ಆರು ಜನ ಮಲಗುವ ಗುಡಾರ. ಚಳಿಗೆಂದು ಎಲ್ಲ ಕಡೆಗೂ ಮಣ್ಣು ಮೆತ್ತಿದ್ದಾರೆ. ನಮ್ಮ ಡೇರೆಯ ಕಥೆಯೇ! ಆದರೆ ನಾವು ಮಲಗಿದ್ದು ಒಂದು ರಾತ್ರಿ, ಅವರು ಎರಡು ತಿಂಗಳು ಮಲಗಬೇಕು.

ಒಳಗೆ ಮೂಲೆಯಲ್ಲಿ ಕಬ್ಬಿಣದ ಬಾಂಡ್ಲಿಯಿತ್ತು. ಅದರಲ್ಲಿ ಹಿಂದಿನ ರಾತ್ರಿಯ ಬೂದಿ. ಏನಮ್ಮಾ ಇದೆಂದು ಕೇಳಿದೆವು. ತೇವ ಆರಲೆಂದೂ ಕೂಸಿಗೆ ಬೆಚ್ಚಗಿರಲೆಂದೂ ಕೆಂಡ ಇಟ್ಟುಕೊಂಡು ಮಲಗುತ್ತೇವೆಂದಳು. ಬೆಳಗಾದರೆ ತಲೆ ಭಾರವಾಗುವುದೆಂದೂ ಹೇಳಿದಳು.

ವಾಚಕರೆ, ಈ ಲೇಖನವನ್ನು ಬರೆಯಲು ಕುಳಿತದ್ದು ಮುಖ್ಯವಾಗಿ ಈ ಬಾಂಡ್ಲಿಗಾಗಿ. ಮುಚ್ಚಿದ ಎಡೆಯಲ್ಲಿ ಕೆಂಡವು ಗಾಳಿ ಸಾಲದೆ ಉರಿಯುವಾಗ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯು ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆಯಿಲ್ಲದ ಕೆಂಡದಿಂದಲೂ ಅದು ಹೊರಡುತ್ತದೆ. ರಕ್ತದಲ್ಲಿ ಪ್ರಾಣವಾಯುವನ್ನು ಹೊರುವ ಅಂಶಕ್ಕೆ ಅದು ಪ್ರಾಣವಾಯುವಿಗಿಂತ ಇನ್ನೂರು ಪಟ್ಟಿಗೂ ಮಿಕ್ಕ ಬಲದಿಂದ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ಮಂಪರು, ಓಕರಿಕೆ. ಮಲಗಿರುವವನಿಗೆ ಅದಾವುದೂ ತಿಳಿಯದು, ನಿದ್ರೆಯಲ್ಲಿಯೇ ಪ್ರಾಣ ಹೋಗುತ್ತದೆ. ತೇವವನ್ನು ಆರಿಸಬೇಕೆಂದು ಬಾಗಿಲು ಮುಚ್ಚಿ ಕೆಂಡವಿಡುವುದು, ಇಲಿಯನ್ನು ಓಡಿಸಲು ಮನೆಗೆ ಬೆಂಕಿಯಿಟ್ಟಂತೆ. ಡೇರೆಯಲ್ಲಿಯೇ ಆಗಲಿ, ಹಬ್ಬಕ್ಕೆ ಬಂದ ನೆಂಟರು ಒತ್ತಾಗಿ ಮಲಗುವ ಕೋಣೆಯಲ್ಲಿಯೇ ಆಗಲಿ, ಕೆಂಡವನ್ನೂ ಒಲೆಯನ್ನೂ ಒಳಗಿಟ್ಟು ಮಲಗತಕ್ಕದ್ದಲ್ಲ. ಡೇರೆಯೊಳಗೆ ಹಾಲು ಕಾಯಿಸಿದ ನಾವು ಈ ಮಾತನ್ನು ಹೇಳಲು ನಾಚುತ್ತಲೇ ಹೇಳುತ್ತಿದ್ದೇವೆ.

ಬಾಂಡ್ಲಿಯನ್ನು ಹೊರಗಿಡಿಸಿದೆವು. ಅವಳ ಗಂಡನಿಗೆ ಮೊದಲು ನಮ್ಮ ಮಾತು ಹಿಡಿಸಲಿಲ್ಲ. ಚಳಿಗೆ ಬಾಗಿಲು ತೆಗೆಯಿರೆನ್ನುವ ಮುದುಕನಿಗೆ ಬುದ್ಧಿ ನೆಟ್ಟಗಿದೆಯೇ ಎಂಬಂತೆ ನೋಡಿದನು. ನಮ್ಮ ಮನೆಯವರು ರೊಟ್ಟಿಯ ಡಬ್ಬಿಯ ನ್ಯಾಯವನ್ನೇ ಹೇಳಿದ ಮೇಲೆ ಒಪ್ಪಿದನು. ಗುಡಾರದ ಎರಡು ತುದಿಗಳಲ್ಲಿಯೂ ನೆತ್ತಿಯ ಬಳಿ ಒಂದೊಂದು ಗೇಣು ಬಿಡಿಸಿದೆವು. ಗಾಳಿ ಬೀಸದ ಮಗ್ಗುಲಲ್ಲಿ ಕೆಳಗಿನ ಮಣ್ಣನ್ನು ನಾಲ್ಕು ಬೆರಳು ತೆಗೆಯಿಸಿದೆವು. ಬಿಸಿಯಾದ ತೇವಗಾಳಿ ಮೇಲೇರಿ ನೆತ್ತಿಯಿಂದ ಹೋಗಬೇಕಾದರೆ ಕೆಳಗಿನಿಂದ ಹೊಸ ಗಾಳಿ ಬರಬೇಕಷ್ಟೆ. ಒಂದೇ ಕಿಂಡಿಯಿಂದ ಆ ಕೆಲಸ ಸರಿಯಾಗಿ ನಡೆಯದು. ತಾಡಪತ್ರಿಯ ಕೆಳಗೆ ಒಂದು ಗೇಣಿನ ಅಂತರದಲ್ಲಿ ಹಳೆಯ ಹತ್ತಿಯ ಸೀರೆಯೊಂದನ್ನು ಬಿಗಿಯಾಗಿ ಕಟ್ಟಿಸಿದೆವು. ಪ್ಲಾಸ್ಟಿಕ್ಕಿನಲ್ಲಿ ನಿಂತ ಹನಿ ಉದುರಿದರೂ ಸೀರೆ ಹೀರಿಕೊಳ್ಳುತ್ತದೆ, ಇಲ್ಲವೆ ಇಳಿಜಾರಿನಲ್ಲಿ ಬದಿಗೆ ಸಾಗಿಸುತ್ತದೆ. ಮನ್ರೋವಿನ ಕಾಲದ ಎರಡು ಛಾವಣಿಯ ಇನ್ನೊಂದು ಪ್ರಯೋಜನವೆಂದು ಮೊದಲು ಹೇಳಿದ್ದು ಇದೇ. ನೆಲಕ್ಕೆ ದಪ್ಪವಾಗಿ ಬತ್ತದ ಹುಲ್ಲು, ಅದರ ಮೇಲೆ ಗೋಣಿತಟ್ಟು. ಎರೆಭೂಮಿ ಮೇಲೆ ಒಣಗಿದಂತೆ ಕಂಡರೂ ಒಳಗೆ ತೇವವನ್ನು ಬಹುಕಾಲ ಇಟ್ಟುಕೊಂಡಿರುತ್ತದೆ. ಕೂಸನ್ನು ಗಾಳಿಯ ದಾರಿಯಿಂದ ಆಚೆಗೆ, ಎರಡು ಪದರ ಕೌದಿಯಲ್ಲಿ ಮಲಗಿಸಿರೆಂದೆವು. ಕೆಮ್ಮು ಎರಡು ದಿನದಲ್ಲಿ ತಗ್ಗದಿದ್ದರೆ ಆಸ್ಪತ್ರೆಗೆ ತೋರಿಸಬೇಕೆಂದೂ ಹೇಳಿದೆವು.

ನಮ್ಮ ಡೇರೆಯನ್ನು ಈ ಸಲ ತಗ್ಗು ಬಿಟ್ಟು ಬಂಡೆಹಾಸಿನ ಪಕ್ಕದಲ್ಲಿ ಹೂಡಿದೆವು. ಕಿಂಡಿಗಳೆರಡೂ ತೆರೆದುವು, ಬಾಗಿಲಿನ ಮೇಲ್ಭಾಗವನ್ನು ಸೊಳ್ಳೆಯ ಜಾಲರಿಯಷ್ಟೇ ಕಾಯಿತು. ಹೊರಹೊದಿಕೆಯನ್ನು ಒಳಗಿನದಕ್ಕೆ ತಾಗದಂತೆ ಬಿಗಿದು ಕಟ್ಟಿದೆವು. ಒದ್ದೆಬಟ್ಟೆ, ಚಪ್ಪಲಿ, ಒಲೆ ಎಲ್ಲ ಹೊರಗೆ. ಚಳಿಯೇನೋ ಹತ್ತಿತು. ಅದಕ್ಕೆ ಕಂಬಳಿಯುಂಟು. ಆಚೆಯ ಹೊಲದಲ್ಲಿ ಕುರಿ ನಿಲ್ಲಿಸಿದ್ದವರು ಕಂಬಳಿಯ ಗೊಪ್ಪೆ ಹಾಕಿಕೊಂಡು ಬಯಲಿನಲ್ಲಿಯೇ ಕುಳಿತಿದ್ದರು. ಉಣ್ಣೆಯು ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು ತೇವವನ್ನು ಹೀರಿಯೂ ಮುಟ್ಟಿದವರಿಗೆ ಒದ್ದೆಯೆನಿಸದಂತಹ ವಸ್ತು. ನೈಲಾನನ್ನು ಕಂಡುಹಿಡಿದ ಜಾಣರಿಗೆ ಕುರಿಯಷ್ಟು ಬುದ್ಧಿಯಿಲ್ಲವೆಂದು ಹೇಳಲಾರೆವು; ಆದರೆ ಆ ರಾತ್ರಿ ಹಾಗೆ ತೋರಿತು.

ಬೆಳಗಿನಲ್ಲಿ ಹೊರಹೊದಿಕೆಯ ಮೇಲೆ ಇಬ್ಬನಿಯಿತ್ತು, ಒಳಮೈಯಲ್ಲಿ ಉಸಿರು ತಾಗಿದಷ್ಟು ಮಸುಕು ಮಾತ್ರ. ಹಳೆಯ ಪಂಚೆಯ ತುಂಡಿನಿಂದ ಒರಸಿದರೆ ಹೋಯಿತು. ಇದರಿಂದ ಎಲ್ಲೆಡೆಯಲ್ಲಿಯೂ ಹೀಗೆಯೇ ಒಣಗಿರುವುದೆಂದು ತಿಳಿಯಬಾರದು. ಗಾಳಿಯಾಡದ ರಾತ್ರಿಯಲ್ಲಿ, ಹೊಳೆಯ ಮಂಜು ಕವಿದಿರುವಾಗ, ಹೊರಗಿನ ಗಾಳಿಯೇ ತೇವದಿಂದ ತುಂಬಿರುತ್ತದೆ. ಆಗ ಎಷ್ಟು ಕಿಂಡಿ ತೆರೆದರೂ ಸ್ವಲ್ಪ ಹನಿ ನಿಂತೇ ನಿಲ್ಲುವುದು. ಒರಸುವ ಬಟ್ಟೆಯೊಂದನ್ನು ತಲೆಯ ಬಳಿ ಇಟ್ಟುಕೊಳ್ಳುವುದೇ ಅದಕ್ಕೆ ಪರಿಹಾರ, ಪುಸ್ತಕವನ್ನಲ್ಲ. ಸೋರುವುದಕ್ಕೂ ಬೆವರುವುದಕ್ಕೂ ಭೇದವನ್ನು ತಿಳಿಯುವುದು ಕಷ್ಟವಲ್ಲ. ಹೊಲಿಗೆಯಲ್ಲಿಯೋ ಗೂಟದ ಮೂಲೆಯಲ್ಲಿಯೋ ಒಂದೆಡೆ ನೀರಿಳಿದರೆ ಸೋರಿಕೆ. ಮಳೆಯಿಲ್ಲದ ರಾತ್ರಿ ಒಳಮೈಯೆಲ್ಲ ಸಮವಾಗಿ ಹನಿಗಟ್ಟಿದರೆ ಅದು ನಮ್ಮದೇ ಉಸಿರು. ಮನೆಗೆ ಬಂದ ಮೇಲೆ ಡೇರೆಯನ್ನು ಬಿಸಿಲಿಗೆ ಹರವದೆ ಮಡಿಸಿಟ್ಟರೆ ಬೂಷ್ಟು ಹಿಡಿದು, ಮುಂದಿನ ಸಂಕ್ರಾಂತಿಗೆ ಬಿಚ್ಚಿದವರು ಮೂಗು ಮುಚ್ಚಿಕೊಳ್ಳಬೇಕಾಗುವುದು.

ಹೊರಡುವ ಮುನ್ನ ಹೊಲದ ಯಜಮಾನರು ತಮ್ಮ ಕಣಕ್ಕೆ ಕರೆದುಕೊಂಡು ಹೋಗಿ ತಾಡಪತ್ರಿಯನ್ನೆತ್ತಿ ತೋರಿಸಿದರು. ಹಗಲು ಕಾದ ಮೆಣಸಿನಕಾಯನ್ನು ಸಂಜೆ ಗುಡ್ಡೆ ಮಾಡಿ ಬಿಸಿಯಿರುವಾಗಲೇ ಪ್ಲಾಸ್ಟಿಕ್ ಹೊದಿಸಿದ್ದರಿಂದ ಅದರ ಒಳಮೈ ಬೆವೆತು, ಮೇಲಿನ ಕಾಯಿಗಳು ಮೆತ್ತಗಾಗಿದ್ದುವು. ಹಾಗೆಯೇ ಬಿಟ್ಟರೆ ಬೂಷ್ಟು ಬಂದು ಬಣ್ಣವೂ ಬೆಲೆಯೂ ಇಳಿಯುತ್ತದೆ; ಕೆಲವು ಬೂಷ್ಟುಗಳಲ್ಲಿ ಅಫ್ಲಟಾಕ್ಸಿನ್ ಎಂಬ ವಿಷವೂ ಉಂಟು. ಗುಡ್ಡೆ ತಣಿದ ಮೇಲೆ ಗೋಣಿತಟ್ಟು ಹೊದಿಸಿ, ತಾಡಪತ್ರಿಯನ್ನು ಅದರ ಮೇಲೆ ಗಳುಗಳಿಂದ ಎತ್ತಿ ಕಟ್ಟಬೇಕೆಂದು ನಮ್ಮ ಮನೆಯವರೇ ಹೇಳಿದರು. ನಾವು ಬಾಯಿ ತೆರೆಯಲಿಲ್ಲ.

ಗುಡಾರದ ಬಳಿ ಬಂದಾಗ ಬಾಂಡ್ಲಿ ಹೊರಗೇ ಇತ್ತು, ನೆತ್ತಿಯ ಕಿಂಡಿಗಳು ತೆರೆದೇ ಇದ್ದುವು. ಆದರೆ ಕೌದಿ ಮತ್ತೆ ಬೇಲಿಯ ಮೇಲೆ ಒಣಗುತ್ತಿತ್ತು. ನಮ್ಮ ವಿದ್ಯೆ ವ್ಯರ್ಥವಾಯಿತೆಂದು ಎದೆ ಹಾರಿತು. ಏನಮ್ಮಾ, ಮತ್ತೆ ಸೋರಿತೇ ಎಂದು ಕೇಳಿದೆವು. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

“ಇಲ್ರೀ ಮೇಷ್ಟ್ರೇ. ಇವತ್ತಿಂದು ಕೂಸಿಂದೇ.”